ಸಣ್ಣ ಪೆಟ್ಟಿಗೆಯಲ್ಲಿ ಹಾರ್ನ್ ಮಾಡಿದರೆ ಬೇಸ್ ಹತ್ತು ಪಟ್ಟಾಗುತ್ತದೆಯೇ? ಪ್ಲೈವುಡ್ ಕತ್ತರಿಸುವ ಮುನ್ನ ಈ ಲೆಕ್ಕ ನೋಡಿ

"8 ಇಂಚಿನ ಸ್ಪೀಕರ್ ಸಾಕು. 2 ಅಡಿಯ ಪ್ಲೈವುಡ್ ಪೆಟ್ಟಿಗೆಯೊಳಗೆ ಹಾರ್ನ್ ಮಾಡಿ. ಅದೇ ಆಂಪ್ಲಿಫೈಯರ್, ಅದೇ ಕರೆಂಟ್, ಬೇಸ್ ಮಾತ್ರ ಹತ್ತು ಪಟ್ಟು! 20 ಹರ್ಟ್ಸ್‌ವರೆಗೂ ಗ್ಯಾರಂಟಿ. ದೊಡ್ಡ ಕಂಪನಿಗಳು ಮುಚ್ಚಿಟ್ಟ ಗುಟ್ಟು. ಎಲ್ಲರಿಗೂ ಶೇರ್ ಮಾಡಿ."

ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿ ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಹೊಸ ಮನೆಯ ಹಾಲ್ 12 ಅಡಿ ಅಗಲ, 14 ಅಡಿ ಉದ್ದ. ಬಡಗಿಯೊಡನೆ ಮಾತಾಗಿದೆ, ಪ್ಲೈವುಡ್‌ಗೆ ಮುಂಗಡ ಕೊಡುವುದಷ್ಟೇ ಬಾಕಿ. "ಕೊಡಲೋ ಬೇಡವೋ?" ಎಂಬುದು ಅವರ ಪ್ರಶ್ನೆ.

ಈ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಜನರನ್ನು ಸುಲಭವಾಗಿ ನಂಬಿಸುತ್ತದೆ. ಹಾರ್ನ್‌ನಿಂದ ಶಬ್ದ ಹೆಚ್ಚಾಗುವುದು ನಿಜ, ಅದೇ ಕರೆಂಟಿನಲ್ಲಿ ಹತ್ತು ಪಟ್ಟು ಹೆಚ್ಚು ಶಬ್ದಶಕ್ತಿ ಬರುವುದೂ ಸಾಧ್ಯ. ಆದರೆ "2 ಅಡಿಯ ಪೆಟ್ಟಿಗೆ" ಮತ್ತು "20 ಹರ್ಟ್ಸ್" ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಏಕೆ ಎಂಬುದನ್ನು ಒಂದೊಂದೇ ಹೆಜ್ಜೆಯಲ್ಲಿ ನೋಡೋಣ. ಲೆಕ್ಕಕ್ಕೆ ಹೆದರಬೇಡಿ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಮೊದಲು ಸ್ಟೀಲ್ ಲೋಟದ ಪ್ರಯೋಗ

ಹಾಡು ಹಾಕಿದ ಮೊಬೈಲನ್ನು ಸ್ಟೀಲ್ ಲೋಟದೊಳಗೆ ಇಟ್ಟರೆ ಶಬ್ದ ಜೋರಾಗುತ್ತದೆ. ಇದನ್ನು ಬಹುತೇಕ ಎಲ್ಲರೂ ಮಾಡಿ ನೋಡಿದ್ದೇವೆ. ಈಗ ಇನ್ನೊಮ್ಮೆ ಮಾಡಿ, ಈ ಸಲ ಗಮನವಿಟ್ಟು ಕೇಳಿ. ಗಾಯಕರ ದನಿ ಮುಂದೆ ಬರುತ್ತದೆ, ಸ್ವಲ್ಪ ಡಬ್ಬಿಯೊಳಗಿನಿಂದ ಬಂದಂತೆಯೂ ಕೇಳುತ್ತದೆ. ಆದರೆ ಎದೆಗೆ ತಟ್ಟುವ 'ಧಂ ಧಂ' ಇರುವುದಿಲ್ಲ.

12 ಸೆಂಟಿಮೀಟರ್ ಎತ್ತರದ ಲೋಟದೊಳಗಿನ ಗಾಳಿ ಸುಮಾರು 600ರಿಂದ 700 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ, ಅಂದರೆ ಆ ಸ್ವರಗಳಿಗೆ ತಾನೂ ದನಿಗೂಡಿಸುತ್ತದೆ. ಮನುಷ್ಯರ ಮಾತಿನ ಮುಖ್ಯ ಭಾಗ ಇರುವುದು ಅಲ್ಲೇ. ಬೇಸ್ ಎಂದು ನಾವು ಕರೆಯುವುದು ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಕಂಪಿಸುವುದು ಸೆಕೆಂಡಿಗೆ 41 ಸಲ ಮಾತ್ರ. ಅದನ್ನು ಮೊಬೈಲಿನ ಪುಟ್ಟ ಸ್ಪೀಕರ್ ಹೊರಡಿಸುವುದೇ ಇಲ್ಲ. ಆ ಸ್ವರದ ಜೊತೆಗಿರುವ ಮೇಲಿನ ಉಪಸ್ವರಗಳನ್ನು ಕೇಳಿ ನಮ್ಮ ಮಿದುಳು ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಇಲ್ಲದ ಬೇಸನ್ನು ಯಾವ ಲೋಟವೂ ದೊಡ್ಡದು ಮಾಡಲಾರದು.

ಊರ ಹಬ್ಬದಲ್ಲಿ ಮರಕ್ಕೆ ಕಟ್ಟುವ ಮೈಕನ್ನು, ಅಂದರೆ ಹೂವಿನಾಕಾರದ ಆ ಲೋಹದ ಹಾರ್ನನ್ನು ನೆನಪಿಸಿಕೊಳ್ಳಿ. ಪಕ್ಕದ ಊರಿಗೂ ಕೇಳುತ್ತದೆ, ಆದರೆ ಬೇಸ್ ಇಲ್ಲ, ಬರೀ ಕೀರಲು. ಅದು ಕಳಪೆ ಎಂದಲ್ಲ. ಅದರ ಬಾಯಿಯ ಅಳತೆಯೇ ಅಷ್ಟು. ಆ ಅಳತೆಯ ಲೆಕ್ಕ ಗೊತ್ತಾದರೆ ಬೇಸ್ ಹಾರ್ನ್ ಅರ್ಧ ಅರ್ಥವಾದಂತೆ.

ಹಾರ್ನ್ ಶಕ್ತಿಯನ್ನು ಹುಟ್ಟಿಸುವುದಿಲ್ಲ

ಸ್ಪೀಕರಿನ ಕೋನ್ ಹಿಂದೆ ಮುಂದೆ ಆಡುತ್ತಾ ಗಾಳಿಯನ್ನು ತಳ್ಳುತ್ತದೆ. ಆದರೆ ಗಾಳಿ ತೀರಾ ಹಗುರ. ನಿಧಾನವಾಗಿ ಕೈ ಬೀಸಿದರೆ ಗಾಳಿ ಬೆರಳುಗಳ ಅಕ್ಕಪಕ್ಕದಿಂದ ಜಾರಿಕೊಳ್ಳುತ್ತದಲ್ಲ, ಕೆಳಗಿನ ಸ್ವರಗಳಲ್ಲಿ ಕೋನ್‌ಗೂ ಅದೇ ಗತಿ. 15 ಇಂಚಿನ ದೊಡ್ಡ ಸ್ಪೀಕರ್ ಕೂಡ 40 ಹರ್ಟ್ಸ್‌ನಲ್ಲಿ ಆಡುವಾಗ, ಗಾಳಿ ಒಡ್ಡಬಲ್ಲ ಪೂರ್ಣ ಎದುರೊತ್ತಡದ ನೂರರಲ್ಲಿ ಒಂದು ಪಾಲೂ ಅದಕ್ಕೆ ಸಿಗುವುದಿಲ್ಲ. ಎದುರು ಒತ್ತುವವರಿಲ್ಲದಿದ್ದರೆ ಕೆಲಸವೂ ನಡೆಯದು. ಚೈನ್ ಕಳಚಿದ ಸೈಕಲ್ ತುಳಿದಂತೆ.

ಹಾಗಾಗಿ ಮನೆಗಳಲ್ಲಿರುವ ಸಾಮಾನ್ಯ ಸ್ಪೀಕರ್ ತನಗೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ, ಶಬ್ದವಾಗಿ ಕೊಡುತ್ತದೆ. ಉಳಿದದ್ದು ಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಸ್ಪೀಕರಿನ ವಿವರಪಟ್ಟಿಯಲ್ಲಿ "1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 90 ಡೆಸಿಬೆಲ್" ಎಂದಿದ್ದರೆ ಅದರ ದಕ್ಷತೆ ಸ್ಥೂಲವಾಗಿ ನೂರಕ್ಕೆ 0.6 ಎಂದರ್ಥ.

ಹಾರ್ನ್ ಮಾಡುವುದು ಸೈಕಲ್ಲಿನ ಗೇರ್ ಮಾಡುವ ಕೆಲಸ. ಕೋನಿನ ಮುಂದೆ ಕಿರಿದಾದ ಗಂಟಲು ಇಟ್ಟಾಗ ಅಲ್ಲಿನ ಗಾಳಿಗೆ ಜಾರಿಕೊಳ್ಳಲು ದಾರಿಯಿಲ್ಲ, ಅದು ಕೋನನ್ನು ಎದುರು ಒತ್ತುತ್ತದೆ. ಅಲ್ಲಿಂದ ದಾರಿ ಮೆಲ್ಲಮೆಲ್ಲಗೆ ಅಗಲವಾಗುತ್ತಾ ಬಾಯಿಯವರೆಗೆ ಹೋಗುತ್ತದೆ. ಗಂಟಲಿನಲ್ಲಿ ಹೆಚ್ಚು ಒತ್ತಡ, ಕಡಿಮೆ ಗಾಳಿ. ಬಾಯಿಯಲ್ಲಿ ಕಡಿಮೆ ಒತ್ತಡ, ಹೆಚ್ಚು ಗಾಳಿ. ಬಿಸಿಯಾಗಿ ಪೋಲಾಗುತ್ತಿದ್ದ ಶಕ್ತಿಯಲ್ಲಿ ಒಂದು ಪಾಲು ಈಗ ಶಬ್ದವಾಗುತ್ತದೆ. ನಮ್ಮ ಕೊಂಬು ಕಹಳೆಗಳಿಗೆ ಅಗಲ ಬಾಯಿ ಇರುವುದೂ ತುಟಿಯ ಸಣ್ಣ ಕಂಪನವನ್ನು ಹೊರಗಿನ ಗಾಳಿಗೆ ದಾಟಿಸಲಿಕ್ಕೇ.

ಲಾಭ ಸಣ್ಣದಲ್ಲ. 105 ಡೆಸಿಬೆಲ್ ಕೊಡುವ ಹಾರ್ನ್‌ಗೂ 90 ಡೆಸಿಬೆಲ್ ಕೊಡುವ ಸ್ಪೀಕರಿಗೂ ಇರುವ 15 ಡೆಸಿಬೆಲ್ ಅಂತರ ಎಂದರೆ ಸುಮಾರು 32 ಪಟ್ಟು ವಿದ್ಯುತ್. ಒಂದು 32 ವ್ಯಾಟ್‌ನಲ್ಲಿ ಮಾಡುವ ಕೆಲಸವನ್ನು ಇನ್ನೊಂದು 1 ವ್ಯಾಟ್‌ನಲ್ಲಿ ಮಾಡುತ್ತದೆ. ಫಾರ್ವರ್ಡಿನ "ಹತ್ತು ಪಟ್ಟು" ಹುಟ್ಟಿದ್ದು ಇಲ್ಲಿಂದ. ಅದು ಹೇಳದೆ ಬಿಟ್ಟದ್ದು ಇದಕ್ಕೆ ತೆರಬೇಕಾದ ಬೆಲೆಯನ್ನು. ಆ ಬೆಲೆ ಜಾಗ.

ಬಾಯಿ ಎಷ್ಟು ದೊಡ್ಡದಿರಬೇಕು?

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 344 ಮೀಟರ್ ಚಲಿಸುತ್ತದೆ. ಇದನ್ನು ಸ್ವರದ ಹರ್ಟ್ಸ್‌ನಿಂದ ಭಾಗಿಸಿದರೆ ಒಂದು ಅಲೆಯ ಉದ್ದ, ಅಂದರೆ ತರಂಗದೂರ ಸಿಗುತ್ತದೆ.

- 1000 ಹರ್ಟ್ಸ್: 34 ಸೆಂಟಿಮೀಟರ್
- 100 ಹರ್ಟ್ಸ್: 3.4 ಮೀಟರ್
- 40 ಹರ್ಟ್ಸ್: 8.6 ಮೀಟರ್
- 20 ಹರ್ಟ್ಸ್: 17.2 ಮೀಟರ್

ಹಾರ್ನ್ ವಿನ್ಯಾಸದ ಹಳೆಯ ನಿಯಮ ಹೀಗಿದೆ: ಬಯಲಲ್ಲಿ ನಿಂತ ಹಾರ್ನ್‌ನ ಬಾಯಿಯ ಸುತ್ತಳತೆ, ಅದು ಹೊರಡಿಸಬೇಕಾದ ಅತಿ ಕೆಳಗಿನ ಸ್ವರದ ತರಂಗದೂರದಷ್ಟಾದರೂ ಇರಬೇಕು. ಬಾಯಿ ಅದಕ್ಕಿಂತ ಚಿಕ್ಕದಾದರೆ ಅಲೆ ಬಾಯಿಯಲ್ಲಿ ಹೊರಬೀಳದೆ ಒಳಕ್ಕೇ ಹಿಂದಿರುಗುತ್ತದೆ. ಆಗ ಕೆಲವು ಸ್ವರ ಅಬ್ಬರಿಸುತ್ತವೆ, ಕೆಲವು ಕಾಣೆಯಾಗುತ್ತವೆ.

ಹಬ್ಬದ ಮೈಕಿನ ಬಾಯಿ 45 ಸೆಂಟಿಮೀಟರ್ ಅಗಲ ಎಂದುಕೊಳ್ಳಿ. ಸುತ್ತಳತೆ 1.41 ಮೀಟರ್. 344ನ್ನು ಅದರಿಂದ ಭಾಗಿಸಿದರೆ ಸುಮಾರು 240 ಹರ್ಟ್ಸ್. ಬೇಸ್ ಮುಗಿಯುವ ಕಡೆ ಅದರ ಕೆಲಸ ಶುರು!

ಈಗ ನಮ್ಮ ಹಾಲ್‌ಗೆ 40 ಹರ್ಟ್ಸ್ ಬೇಕು ಎನ್ನೋಣ. ಸುತ್ತಳತೆ 8.6 ಮೀಟರ್ ಎಂದರೆ ಬಾಯಿಯ ಅಗಲ 2.7 ಮೀಟರ್, ವಿಸ್ತೀರ್ಣ ಸುಮಾರು 5.9 ಚದರ ಮೀಟರ್. ನಮ್ಮ ಓದುಗರ ಹಾಲ್‌ನ ಒಂದಿಡೀ ಗೋಡೆಯ ಅರ್ಧಕ್ಕಿಂತ ಹೆಚ್ಚು ಬಾಯಿಗೇ ಬೇಕು.

ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ 1930ರ ದಶಕದಲ್ಲಿ ಇಂಥದ್ದೊಂದು ನಿಜವಾಗಿ ಇತ್ತು. ರಾಡರಿಕ್ ಡೆನ್‌ಮನ್ ಎಂಬ ಅಧಿಕಾರಿ ಮಾಡಿಸಿದ ಹಾರ್ನ್ ಅದು. ಉದ್ದ 27 ಅಡಿ, ಚೌಕಾಕಾರದ ಬಾಯಿ 7 ಅಡಿ 1 ಇಂಚು. ಸುಮಾರು 32 ಹರ್ಟ್ಸ್‌ವರೆಗೆ ಇಳಿಯಲೆಂದು ಮಾಡಿದ ಲೆಕ್ಕ. ಸಂಗ್ರಹಾಲಯಕ್ಕೆ ಸರಿ, ಸೋಫಾ ಪಕ್ಕಕ್ಕೆ ಅಲ್ಲ.

ಮೂಲೆಯ ಜಾಣತನ

ಇಲ್ಲೇ ಮನೆಯ ಹಾರ್ನ್‌ನ ಕಥೆ ಶುರುವಾಗುವುದು. ಬಯಲಲ್ಲಿ ಶಬ್ದ ಎಲ್ಲ ದಿಕ್ಕಿಗೂ ಹರಡಬೇಕು. ನೆಲದ ಮೇಲಿಟ್ಟರೆ ಅರ್ಧ ದಿಕ್ಕು ಮುಚ್ಚಿತು. ಗೋಡೆಗೆ ತಾಗಿಸಿದರೆ ಕಾಲು ಭಾಗ ಉಳಿಯಿತು. ಎರಡು ಗೋಡೆ ಸೇರುವ ಮೂಲೆಯಲ್ಲಿ ನೆಲಕ್ಕೆ ಇಟ್ಟರೆ ಎಂಟರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ಬಾಯಿಯೂ ಎಂಟರಲ್ಲಿ ಒಂದು ಪಾಲಿದ್ದರೆ ಸಾಕು. 5.9 ಚದರ ಮೀಟರ್ ಇದ್ದದ್ದು 0.74ಕ್ಕೆ ಇಳಿಯಿತು. ನಿಮ್ಮ ಮನೆಯ ಮೂಲೆಯೇ ಹಾರ್ನ್‌ನ ಕೊನೆಯ ಭಾಗವಾಯಿತು.

ಇಂಗ್ಲೆಂಡಿನ ಪಾಲ್ ವಾಯ್ಟ್ 1930ರ ದಶಕದಲ್ಲೇ ಮನೆಗಾಗಿ ಮೂಲೆಯ ಹಾರ್ನ್ ತಯಾರಿಸಿದ್ದರು. ಅದನ್ನು ಮನೆಮಾತಾಗಿಸಿದ್ದು ಅಮೆರಿಕದ ಪಾಲ್ ವಿಲ್ಬರ್ ಕ್ಲಿಪ್ಶ್. ಎರಡನೇ ಮಹಾಯುದ್ಧದ ವೇಳೆ ಆರ್ಕನ್ಸಾ ರಾಜ್ಯದ ಹೋಪ್ ಎಂಬ ಪುಟ್ಟ ಊರಿನಲ್ಲಿ, ಸೈನ್ಯದ ಮದ್ದುಗುಂಡು ಪರೀಕ್ಷಿಸುವ ಕೇಂದ್ರದಲ್ಲಿ ಅವರಿಗೆ ಕೆಲಸ. ಯುದ್ಧ ಮುಗಿದ ಮೇಲೆ ಅಲ್ಲೇ ಉಳಿದು 1946ರಲ್ಲಿ ಕಂಪನಿ ಶುರು ಮಾಡಿದರು. ಅವರ 'ಕ್ಲಿಪ್ಶ್‌ಹಾರ್ನ್' ಸುಮಾರು 130 ಸೆಂಟಿಮೀಟರ್ ಎತ್ತರ, 80 ಸೆಂಟಿಮೀಟರ್ ಅಗಲದ ಪೀಠೋಪಕರಣದಂತೆ ಕಾಣುತ್ತದೆ. ಒಳಗಿರುವುದು 15 ಇಂಚಿನ ಸ್ಪೀಕರ್ ಮತ್ತು ಹಲವು ಸಲ ಮಡಚಿದ ಮರದ ದಾರಿ. ಶಬ್ದ ಪೆಟ್ಟಿಗೆಯ ಎರಡೂ ಪಕ್ಕದಿಂದ ಹೊರಬಂದು ಗೋಡೆಗಳ ನಡುವೆ ಹಾರ್ನ್ ಮುಂದುವರಿಯುತ್ತದೆ.

"ಕಂಪನಿಗಳು ಮುಚ್ಚಿಟ್ಟ ಗುಟ್ಟು" ಎನ್ನುವವರು ಗಮನಿಸಿ: ಹಾರ್ನ್‌ನ ಗಣಿತವನ್ನು ಆರ್ಥರ್ ವೆಬ್‌ಸ್ಟರ್ 1919ರಲ್ಲೇ ಪ್ರಕಟಿಸಿದ್ದರು. ಪೇಟೆಂಟ್‌ಗಳ ಚಿತ್ರಗಳು ಯಾರು ಬೇಕಾದರೂ ನೋಡುವಂತಿವೆ. ಇಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ.

ಉದ್ದದ ಲೆಕ್ಕ

ಬಾಯಿ ದೊಡ್ಡದಿದ್ದರೆ ಸಾಲದು, ಗಂಟಲಿನಿಂದ ಬಾಯಿಗೆ ದಾರಿ ನಿಧಾನವಾಗಿ ಅಗಲವಾಗಬೇಕು. ಥಟ್ಟನೆ ಅಗಲಿಸಿದರೆ ಕೆಳಗಿನ ಸ್ವರಗಳಿಗೆ ಅದು ಹಾರ್ನ್ ಎಂದೇ ಅನ್ನಿಸುವುದಿಲ್ಲ. ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ ಇಂತಿಷ್ಟು ದೂರಕ್ಕೊಮ್ಮೆ ದಾರಿಯ ವಿಸ್ತೀರ್ಣ ದುಪ್ಪಟ್ಟಾಗುತ್ತಾ ಹೋಗುತ್ತದೆ. ಚಕ್ರಬಡ್ಡಿಯ ಹಾಗೆ.

ಆ ದೂರ ಎಷ್ಟು? ಸೂತ್ರ ಸರಳ: 19ನ್ನು ನಿಮಗೆ ಬೇಕಾದ ಹರ್ಟ್ಸ್‌ನಿಂದ ಭಾಗಿಸಿ, ಉತ್ತರ ಮೀಟರ್‌ಗಳಲ್ಲಿ ಬರುತ್ತದೆ. 40 ಹರ್ಟ್ಸ್‌ಗೆ ಸುಮಾರು 47 ಸೆಂಟಿಮೀಟರ್. ಗಂಟಲು 300 ಚದರ ಸೆಂಟಿಮೀಟರ್ ಇದೆ ಎಂದುಕೊಂಡರೆ:

- ಗಂಟಲಿನಲ್ಲಿ: 300 ಚದರ ಸೆಂ.ಮೀ.
- 47 ಸೆಂ.ಮೀ. ದೂರದಲ್ಲಿ: 600
- 95 ಸೆಂ.ಮೀ. ದೂರದಲ್ಲಿ: 1200
- 142 ಸೆಂ.ಮೀ. ದೂರದಲ್ಲಿ: 2400
- 190 ಸೆಂ.ಮೀ. ದೂರದಲ್ಲಿ: 4800
- 219 ಸೆಂ.ಮೀ. ದೂರದಲ್ಲಿ: ಸುಮಾರು 7400, ಅಂದರೆ ಬೇಕಾದ ಬಾಯಿ

ಒಟ್ಟು ಸುಮಾರು 2.2 ಮೀಟರ್ ದಾರಿ. ಡೆನ್‌ಮನ್ ಹಾರ್ನ್ 27 ಅಡಿ ಆದದ್ದು ಏಕೆ ಎಂಬುದೂ ಇಲ್ಲೇ ತಿಳಿಯುತ್ತದೆ. ಅದರ ಗಂಟಲು ಬಹಳ ಸಣ್ಣದು, ಹಾಗಾಗಿ ಎಷ್ಟೋ ಸಲ ದುಪ್ಪಟ್ಟಾದ ಮೇಲೆ ಬಾಯಿ ಮುಟ್ಟಬೇಕಿತ್ತು.

2.2 ಮೀಟರ್ ದಾರಿಯನ್ನು ಮಡಚಬಹುದು. ಬೇಸ್ ಅಲೆಗಳು ದಾರಿಯ ಅಗಲಕ್ಕಿಂತ ಬಹಳ ಉದ್ದವಾದ್ದರಿಂದ ತಿರುವುಗಳಲ್ಲಿ ತೊಂದರೆಯಿಲ್ಲದೆ ಸಾಗುತ್ತವೆ. ಮೇಲಿನ ಸ್ವರಗಳು ಮಾತ್ರ ತಿರುವಿನಲ್ಲಿ ಎಡವುತ್ತವೆ. ಅದಕ್ಕೇ ಕ್ಲಿಪ್ಶ್‌ಹಾರ್ನ್‌ನಲ್ಲಿ ಸುಮಾರು 400 ಹರ್ಟ್ಸ್‌ನಿಂದ ಮೇಲಕ್ಕೆ ಬೇರೆ ಹಾರ್ನ್‌ಗಳಿವೆ.

ಆದರೆ ಮಡಚಿದರೂ ಒಳಗಿನ ಗಾಳಿ ಅಷ್ಟೇ ಇರುತ್ತದೆ, ಅದು ಕುಗ್ಗುವುದಿಲ್ಲ. ಈ ಹಾರ್ನ್‌ನೊಳಗಿನ ಜಾಗ ಸುಮಾರು 480 ಲೀಟರ್. ಮಹಡಿಯ ಮೇಲಿರುವ 500 ಲೀಟರಿನ ಸಿಂಟೆಕ್ಸ್ ಟ್ಯಾಂಕನ್ನು ನೋಡಿ ಬನ್ನಿ. ಅಂಥದ್ದೊಂದು ಹಾಲ್‌ನ ಮೂಲೆಯಲ್ಲಿ, ಅದರಲ್ಲೂ ಸ್ಟೀರಿಯೋ ಬೇಕಾದರೆ ಎರಡು ಮೂಲೆಯಲ್ಲಿ. ಕೊನೆಯ ಭಾಗವನ್ನು ಗೋಡೆಗಳೇ ನೋಡಿಕೊಳ್ಳುವಂತೆ ಮಾಡಿದರೆ ಪೆಟ್ಟಿಗೆ ಚಿಕ್ಕದಾಗುತ್ತದೆ. ಕ್ಲಿಪ್ಶ್ ಮಾಡಿದ್ದು ಅದನ್ನೇ. ಆದರೂ ಆ ಜಾಗವನ್ನು ಖಾಲಿ ಬಿಡಲೇಬೇಕು.

ಹಾಗಾದರೆ 20 ಹರ್ಟ್ಸ್?

ಒಂದು ಸ್ಥಾಯಿ ಕೆಳಗಿಳಿದರೆ, ಅಂದರೆ ಹರ್ಟ್ಸ್ ಅರ್ಧವಾದರೆ, ಬಾಯಿ ನಾಲ್ಕು ಪಟ್ಟು, ದುಪ್ಪಟ್ಟಾಗುವ ದೂರ ಎರಡು ಪಟ್ಟು. ಒಳಗಿನ ಜಾಗ ಸುಮಾರು ಎಂಟು ಪಟ್ಟು. 20 ಹರ್ಟ್ಸ್ ಹಾರ್ನ್‌ಗೆ ಮೂಲೆಯಲ್ಲಿಟ್ಟರೂ 2.9 ಚದರ ಮೀಟರ್ ಬಾಯಿ, ಸುಮಾರು 4000 ಲೀಟರ್ ಜಾಗ ಬೇಕು. ಅದು ಟ್ಯಾಂಕರ್ ನೀರಿನ ಲೆಕ್ಕ.

ಫಾರ್ವರ್ಡಿನ 2 ಅಡಿ ಪೆಟ್ಟಿಗೆಯ ಇಡೀ ಮುಖವನ್ನೇ ಬಾಯಿ ಮಾಡಿದರೂ ಸಿಗುವುದು 0.37 ಚದರ ಮೀಟರ್. ಒಳಗಿನ ಜಾಗ ಸುಮಾರು 220 ಲೀಟರ್. ಮೂಲೆಗೆ ಒತ್ತಿ ಇಟ್ಟು, ಎಲ್ಲವೂ ಸರಿಯಾಗಿ ಬಂದರೆ ಅದು ಸುಮಾರು 56 ಹರ್ಟ್ಸ್‌ವರೆಗೆ ಹಾರ್ನ್ ಆಗಿ ಕೆಲಸ ಮಾಡೀತು. ಗೋಡೆಯ ನಡುವೆ ಇಟ್ಟರೆ 80 ಹರ್ಟ್ಸ್. 20 ಹರ್ಟ್ಸ್ ಅಂತೂ ಸುಳ್ಳು.

ಸ್ಪೀಕರ್ ಲೋಕದಲ್ಲಿ ಇದಕ್ಕೊಂದು ಹೆಸರೇ ಇದೆ: ಹಾಫ್‌ಮನ್‌ನ ಕಬ್ಬಿಣದ ನಿಯಮ. ಆಳವಾದ ಬೇಸ್, ಚಿಕ್ಕ ಪೆಟ್ಟಿಗೆ, ಹೆಚ್ಚು ದಕ್ಷತೆ, ಈ ಮೂರರಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಿ. ಮೂರನೆಯದನ್ನು ಬಿಡಲೇಬೇಕು. ಮೂರನ್ನೂ ಕೊಡುತ್ತೇನೆ ಎನ್ನುವ ಫಾರ್ವರ್ಡನ್ನು ಈ ಒಂದು ಸಾಲಿನಲ್ಲೇ ಪರೀಕ್ಷಿಸಬಹುದು.

ಆದರೂ ಮಾಡಲೇಬೇಕು ಎನ್ನುವವರಿಗೆ

ಜಾಗವಿದ್ದು ಆಸಕ್ತಿಯೂ ಇದ್ದರೆ ಬೇಸ್ ಹಾರ್ನ್ ಒಳ್ಳೆಯ ಕೆಲಸವೇ. ಆದರೆ ಈ ಐದು ವಿಷಯ ಮರೆಯಬೇಡಿ.

1. ಸ್ವಲ್ಪ ಕೆಳಗಿನ ಗುರಿ ಇಟ್ಟುಕೊಳ್ಳಿ. 40 ಹರ್ಟ್ಸ್‌ಗೆ ಲೆಕ್ಕ ಹಾಕಿದ ಹಾರ್ನ್, ಸರಿಯಾಗಿ 40ರಲ್ಲಿ ಕೋನ್‌ಗೆ ಎದುರು ಒತ್ತುವುದೇ ಇಲ್ಲ. 48 ಹರ್ಟ್ಸ್‌ಗೆ ಬಂದಾಗ ಪೂರ್ಣ ಒತ್ತಿನ ಅರ್ಧಕ್ಕಿಂತ ತುಸು ಹೆಚ್ಚು ಸಿಗುತ್ತದೆ. ನಿಮಗೆ ನಿಜವಾಗಿ 48 ಬೇಕಾದರೆ 40ಕ್ಕೆ ಲೆಕ್ಕ ಹಾಕಿ.

2. ಎಲ್ಲ ಸ್ಪೀಕರೂ ಆಗದು. ಹಾರ್ನ್‌ಗೆ ಬಲವಾದ ಅಯಸ್ಕಾಂತ, ಗಟ್ಟಿ ಕೋನ್ ಬೇಕು. ವಿವರಪಟ್ಟಿಯಲ್ಲಿ 'ಎಫ್‌ಎಸ್' ಮತ್ತು 'ಕ್ಯೂಇಎಸ್' ಎಂಬ ಎರಡು ಅಂಕಿ ಇರುತ್ತವೆ. ಮೊದಲನೆಯದನ್ನು ಎರಡರಿಂದ ಗುಣಿಸಿ ಎರಡನೆಯದರಿಂದ ಭಾಗಿಸಿ. 30 ಮತ್ತು 0.3 ಇದ್ದರೆ ಉತ್ತರ 200 ಹರ್ಟ್ಸ್. ಅದಕ್ಕಿಂತ ಮೇಲೆ ಕೋನಿನ ತೂಕವೇ ಅಡ್ಡಿಯಾಗಿ ಶಬ್ದ ಇಳಿಯತೊಡಗುತ್ತದೆ. ಕಾರಿನ ಸಬ್‌ವೂಫರ್‌ಗಳ ಕೋನ್ ಸಾಮಾನ್ಯವಾಗಿ ಭಾರ, ಕ್ಯೂಇಎಸ್ ಕೂಡ ಹೆಚ್ಚು. ಹಾಗಾಗಿ ಅವುಗಳಲ್ಲಿ ಹೆಚ್ಚಿನವು ಇಲ್ಲಿಗೆ ಒಗ್ಗುವುದಿಲ್ಲ.

3. ಹಿಂದಿನ ಕೋಣೆಯನ್ನು ಗಾಳಿಯಾಡದಂತೆ ಮುಚ್ಚಿ. ಕೋನಿನ ಹಿಂದೆ ಮುಚ್ಚಿದ ಪೆಟ್ಟಿಗೆ ಇರಬೇಕು. ಅದರೊಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ, ಗಂಟಲಿನಲ್ಲಿರುವ ಗಾಳಿಯ ಭಾರವನ್ನು ಸರಿದೂಗಿಸುತ್ತದೆ. ನಮ್ಮ 40 ಹರ್ಟ್ಸ್, 300 ಚದರ ಸೆಂಟಿಮೀಟರ್ ಗಂಟಲಿನ ಉದಾಹರಣೆಗೆ ಅದು ಸುಮಾರು 41 ಲೀಟರ್. ಸ್ಪೀಕರಿನ ಅಂಚಿಗೂ ಸ್ವಂತ ಬಿಗಿ ಇರುವುದರಿಂದ ಪೆಟ್ಟಿಗೆಯನ್ನು ಅದಕ್ಕೆ ತಕ್ಕಂತೆ ಇನ್ನಷ್ಟು ದೊಡ್ಡದು ಮಾಡಬೇಕು. ಒಂದು ಸಣ್ಣ ಸೀಳು ಉಳಿದರೂ ಲೆಕ್ಕ ಕೆಡುತ್ತದೆ.

4. ಕೆಳಗಿನ ಸ್ವರಗಳನ್ನು ತಡೆಯಿರಿ. ಹಾರ್ನ್‌ನ ಮಿತಿಗಿಂತ ಕೆಳಗೆ ಕೋನಿಗೆ ಗಂಟಲಿನ ಹಿಡಿತ ಇರುವುದಿಲ್ಲ, ಅದು ವಿಪರೀತ ಆಡಿ ಹರಿದುಹೋಗಬಹುದು. ಆಂಪ್ಲಿಫೈಯರ್‌ಗೆ ಮುನ್ನ ಕೆಳಸ್ವರ ತಡೆಯುವ ಫಿಲ್ಟರ್ ಇರಲೇಬೇಕು.

5. ತಡವನ್ನು ಸರಿಪಡಿಸಿ. 2.2 ಮೀಟರ್ ದಾರಿ ಸುತ್ತಿ ಬರುವ ಬೇಸ್ ಸುಮಾರು 6.4 ಮಿಲಿಸೆಕೆಂಡ್ ತಡವಾಗಿ ಹೊರಬರುತ್ತದೆ. ಉಳಿದ ಸ್ಪೀಕರ್‌ಗಳನ್ನು ಡಿಎಸ್‌ಪಿಯಲ್ಲಿ ಅಷ್ಟೇ ತಡಮಾಡಿದರೆ ಎಲ್ಲವೂ ಒಟ್ಟಿಗೆ ಕಿವಿ ಸೇರುತ್ತವೆ.

ಮರದ ವಿಷಯಕ್ಕೂ ಒಂದು ಮಾತು. "ತೇಗ ಅಥವಾ ಬೀಟೆಯಲ್ಲೇ ಬೇಸ್ ಚೆನ್ನ" ಎಂಬ ಮಾತಿದೆ. ಪಿಟೀಲಿನ ಮರ ಕಂಪಿಸಬೇಕು, ಸ್ಪೀಕರ್ ಪೆಟ್ಟಿಗೆಯ ಮರ ಕಂಪಿಸಬಾರದು. ದಪ್ಪ ಪ್ಲೈವುಡ್, ಒಳಗೆ ಅಡ್ಡಪಟ್ಟಿ, ಬಿಗಿಯಾದ ಅಂಟು ಇದ್ದರೆ ಸಾಕು. ದುಬಾರಿ ಮರಕ್ಕೆ ಹಣ ಸುರಿಯಬೇಡಿ.

ನಿಮ್ಮ ಹಾಲ್ ಏನನ್ನುತ್ತದೆ?

"ಕೋಣೆ ತರಂಗದೂರಕ್ಕಿಂತ ಚಿಕ್ಕದಿದ್ದರೆ ಬೇಸ್ ಕೇಳಿಸುವುದೇ ಇಲ್ಲ" ಎಂಬ ಇನ್ನೊಂದು ಮಾತೂ ಓಡಾಡುತ್ತಿದೆ. ಇದು ತಪ್ಪು. ಕಿವಿಗೆ ಬೇಕಾದದ್ದು ಗಾಳಿಯ ಒತ್ತಡದ ಏರಿಳಿತ. ಕಾರಿನೊಳಗೂ ಇಯರ್‌ಫೋನಿನಲ್ಲೂ ಬೇಸ್ ಕೇಳಿಸುತ್ತದಲ್ಲ!

ಕೋಣೆಯಿಂದ ತೊಂದರೆ ಬರುವುದು ಬೇರೆ ರೀತಿಯಲ್ಲಿ. 172ನ್ನು ಕೋಣೆಯ ಉದ್ದದಿಂದ ಮೀಟರ್‌ಗಳಲ್ಲಿ ಭಾಗಿಸಿ. ಅದು ಆ ಕೋಣೆ ತಾನಾಗಿ ಗುಂಯ್‌ಗುಡುವ ಸ್ವರ. 14 ಅಡಿಗೆ ಸುಮಾರು 40 ಹರ್ಟ್ಸ್, 12 ಅಡಿಗೆ 47. ಮೂಲೆಯಲ್ಲಿಟ್ಟ ಸ್ಪೀಕರ್ ಇಂಥ ಎಲ್ಲ ಸ್ವರಗಳನ್ನೂ ಕೆರಳಿಸುತ್ತದೆ. ಒಂದು ಕುರ್ಚಿಯಲ್ಲಿ ಕುಳಿತವರಿಗೆ ಬೇಸ್ ಅಬ್ಬರ, ಹಾಲ್‌ನ ನಡುವೆ ನಿಂತವರಿಗೆ ಏನೂ ಇಲ್ಲ.

ನಮ್ಮ ಇಟ್ಟಿಗೆ ಗೋಡೆಯ ಮನೆಗಳಿಗೆ ಇಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಅಮೆರಿಕದ ಎಷ್ಟೋ ಮನೆಗಳ ತೆಳು ಜಿಪ್ಸಮ್ ಗೋಡೆ ಬೇಸ್‌ಗೆ ಬಾಗಿ ಒಂದಷ್ಟನ್ನು ನುಂಗುತ್ತದೆ. ಇಟ್ಟಿಗೆ ಗೋಡೆ ಬಾಗುವುದಿಲ್ಲ, ಮೂಲೆಯ ಹಾರ್ನ್‌ಗೆ ಒಳ್ಳೆಯ ಬಾಯಿಯಾಗುತ್ತದೆ. ಆದರೆ ಅದೇ ಕಾರಣಕ್ಕೆ ಕೋಣೆಯ ಗುಂಯ್‌ಗುಡುವಿಕೆ ಹೆಚ್ಚು ಹೊತ್ತು ಉಳಿಯುತ್ತದೆ. ಇನ್ನು ಆ ಮೂಲೆಯಲ್ಲಿ ಬಾಗಿಲೋ ಕಿಟಕಿಯೋ ಇದ್ದರೆ ಅದು ಹಾರ್ನ್‌ನ ಬಾಯಿ ಹರಿದಂತೆ.

ಕಿವಿ ಮತ್ತು ಪಕ್ಕದ ಮನೆ

ಇದು ಫಾರ್ವರ್ಡ್‌ಗಳಲ್ಲಿ ಎಂದೂ ಇರುವುದಿಲ್ಲ. ದಕ್ಷ ಹಾರ್ನ್ ಒಂದೇ ವ್ಯಾಟ್‌ನಲ್ಲಿ 1 ಮೀಟರ್ ದೂರಕ್ಕೆ 100 ಡೆಸಿಬೆಲ್ ದಾಟಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್ ಶಬ್ದ ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಚೆನ್ನಾಗಿ ಮಾಡಿದ ಹಾರ್ನ್‌ನಲ್ಲಿ ಶಬ್ದ ಒಡೆಯುವುದಿಲ್ಲ, ಕರ್ಕಶ ಅನ್ನಿಸುವುದಿಲ್ಲ. ಎಷ್ಟು ಜೋರಾಗಿದೆ ಎಂಬುದು ಗೊತ್ತೇ ಆಗದೆ ಕಿವಿಗೆ ಪೆಟ್ಟು ಬೀಳುತ್ತದೆ. ಹೋದ ಶ್ರವಣಶಕ್ತಿ ಮರಳಿ ಬಾರದು.

ಬೇಸ್ ಗೋಡೆಯನ್ನು ಸುಲಭವಾಗಿ ದಾಟುತ್ತದೆ ಕೂಡ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಎಂದರೆ 10ರಿಂದ ಬೆಳಗಿನ 6. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು, ಹುಷಾರಿಲ್ಲದ ಹಿರಿಯರು ಇದ್ದರೆ ನಿಯಮದ ಪುಸ್ತಕ ತೆರೆಯುವ ಅಗತ್ಯವೂ ಇಲ್ಲ.

ಜಗತ್ತು ಹಾರ್ನ್ ಬಿಟ್ಟದ್ದೇಕೆ?

ಹಾರ್ನ್ ಮೆರೆದ ಕಾಲದಲ್ಲಿ ಆಂಪ್ಲಿಫೈಯರ್ ವಾಲ್ವಿನದು. ಒಂದೊಂದು ವ್ಯಾಟ್ ಕೂಡ ದುಬಾರಿ. 1954ರಲ್ಲಿ ಎಡ್ಗರ್ ವಿಲ್ಚರ್ ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯಿಂದಲೇ ಆಳವಾದ ಬೇಸ್ ತೆಗೆದು ತೋರಿಸಿದರು. ಅವರು ಬಿಟ್ಟುಕೊಟ್ಟದ್ದು ದಕ್ಷತೆಯನ್ನು. 1950ರ ದಶಕದ ಕೊನೆಗೆ ಸ್ಟೀರಿಯೋ ತಟ್ಟೆಗಳು ಬಂದಾಗ ಒಂದರ ಬದಲು ಎರಡು ಸ್ಪೀಕರ್ ಬೇಕಾದವು, ಎರಡು ಖಾಲಿ ಮೂಲೆ ಎಷ್ಟು ಮನೆಯಲ್ಲಿದ್ದಾವು? ಮುಂದೆ ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾಯಿತು. ಇಂದು 100 ವ್ಯಾಟಿನ ಬೋರ್ಡ್ ಅಂಗೈಯಲ್ಲಿ ಹಿಡಿಯುತ್ತದೆ. ಹಾರ್ನ್‌ಗೆ ಉಳಿದಿರುವ ನಿಜವಾದ ಹೆಚ್ಚುಗಾರಿಕೆ ಒಂದೇ: ಕೋನ್ ಬಹಳ ಕಡಿಮೆ ಆಡುವುದರಿಂದ ಶಬ್ದ ಶುದ್ಧವಾಗಿರುತ್ತದೆ. ಅದನ್ನು ಮೆಚ್ಚುವವರು ಈಗಲೂ ಇದ್ದಾರೆ, ಕ್ಲಿಪ್ಶ್‌ಹಾರ್ನ್ ಈಗಲೂ ಮಾರಾಟವಾಗುತ್ತದೆ.

ಕೊನೆಗೆ, ಮುಂಗಡ ಕೊಡಲೋ ಬೇಡವೋ?

ಆ ಓದುಗರಿಗೆ ನಾವು ಹೇಳಿದ್ದು ಇಷ್ಟು. ಆ ಫಾರ್ವರ್ಡ್ ನಂಬಿ ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲು ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯನ್ನು ಹಾಲ್‌ನ ಮೂಲೆಯಲ್ಲಿಡಿ. ಎರಡು ಸ್ಪೀಕರ್ ಬೇಕಾದರೆ ಎರಡು ಮೂಲೆಯಲ್ಲಿ. ಒಂದು ವಾರ ಹಾಗೇ ಇರಲಿ. ಬಾಗಿಲು ತೆರೆಯುತ್ತದೆಯೇ, ಮನೆಯವರು ಓಡಾಡಬಹುದೇ, ನೆಂಟರು ಬಂದರೆ ಜಾಗ ಉಂಟೇ ನೋಡಿ. ವಾರ ಕಳೆದ ಮೇಲೂ ಮನೆಯಲ್ಲಿ ಎಲ್ಲರೂ ಒಪ್ಪಿದರೆ, ಚೆನ್ನಾಗಿ ಪರೀಕ್ಷಿಸಿದ ಯಾವುದಾದರೂ ನಕ್ಷೆ ಹಿಡಿದು ಮಾಡಿ. ಒಪ್ಪದಿದ್ದರೆ 10 ಅಥವಾ 12 ಇಂಚಿನ ಸ್ಪೀಕರಿರುವ ಮುಚ್ಚಿದ ಪೆಟ್ಟಿಗೆ ಮತ್ತು ಸಾಕಷ್ಟು ವ್ಯಾಟ್ ಇರುವ ಆಂಪ್ಲಿಫೈಯರ್ ಆ ಹಾಲ್‌ಗೆ ಧಾರಾಳ.

ಕ್ಲಿಪ್ಶ್ ಬಗ್ಗೆ ಒಂದು ಸಂಗತಿ ಹೇಳಿ ಮುಗಿಸೋಣ. ಅವರ ಕೋಟಿನ ಕಾಲರಿನ ಹಿಂಬದಿಯಲ್ಲಿ ಒಂದು ಹಳದಿ ಬ್ಯಾಡ್ಜ್ ಇರುತ್ತಿತ್ತು. ಯಾರಾದರೂ ಸ್ಪೀಕರ್ ಬಗ್ಗೆ ನಂಬಲಾಗದ ಮಾತಾಡಿದರೆ ಕಾಲರ್ ಮಡಚಿ ಅದನ್ನು ತೋರಿಸುತ್ತಿದ್ದರು. ಅದರಲ್ಲಿದ್ದ ಇಂಗ್ಲಿಷ್ ಪದ ಇಲ್ಲಿ ಬರೆಯುವಂಥದ್ದಲ್ಲ, 'ಬರೀ ಬೊಗಳೆ' ಎಂದು ತಿಳಿದುಕೊಳ್ಳಿ.

ಶೇರ್ ಮಾಡುವುದಾದರೆ ಇದನ್ನು ಮಾಡಿ:

- ಹಾರ್ನ್ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಪೋಲಾಗುವುದನ್ನು ಉಳಿಸುತ್ತದೆ.
- 40 ಹರ್ಟ್ಸ್ ಬೇಸ್ ಹಾರ್ನ್‌ಗೆ ಮೂಲೆಯಲ್ಲಿಟ್ಟರೂ ಸುಮಾರು 480 ಲೀಟರ್ ಜಾಗ ಬೇಕು. 20 ಹರ್ಟ್ಸ್‌ಗೆ 4000 ಲೀಟರ್.
- ಆಳವಾದ ಬೇಸ್, ಚಿಕ್ಕ ಪೆಟ್ಟಿಗೆ, ಹೆಚ್ಚು ದಕ್ಷತೆ: ಎರಡು ಮಾತ್ರ ಸಿಗುತ್ತವೆ.
- ಪ್ಲೈವುಡ್‌ಗೆ ಮುನ್ನ ರಟ್ಟಿನ ಪೆಟ್ಟಿಗೆ ಇಟ್ಟು ನೋಡಿ.